ಕಸುಬಿನ ಅಂಕಣ

1841ರ ಇಂಗ್ಲೆಂಡಿನ ಜನಗಣತಿಯನ್ನು ಪೆನ್ಸಿಲಿನಲ್ಲಿ ಬರೆದರು. ಜೂನ್ 6ರ ರಾತ್ರಿ ಯಾರು ಯಾವ ಮನೆಯಲ್ಲಿ ಮಲಗಿದ್ದರೆಂಬ ಲೆಕ್ಕ ಅದು. ಆ ಪುಟಗಳ ಚಿತ್ರವನ್ನು ಇಂದು ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಅಕ್ಷರಗಳು ಮಾಸಿಹೋಗಿವೆ. ಅವುಗಳ ಮೇಲೆ, ಆಮೇಲೆ ಎಣಿಸಲು ಕೂತ ಗುಮಾಸ್ತರು ಗೀಚಿದ ಗೀಟುಗಳು. ಹದಿನೈದು ದಾಟಿದವರ ವಯಸ್ಸನ್ನು ಐದರ ಮಟ್ಟಕ್ಕೆ ಇಳಿಸಿ ಬರೆಯಿರಿ ಎಂಬ ಅಪ್ಪಣೆ ಇದ್ದದ್ದರಿಂದ ಇಪ್ಪತ್ತೊಂಬತ್ತರ ಹೆಂಗಸು ಇಪ್ಪತ್ತೈದರವಳಾಗಿ ಕೂತಿದ್ದಾಳೆ. ಹುಟ್ಟಿದ್ದು ಇದೇ ಕೌಂಟಿಯಲ್ಲೋ ಅಲ್ಲವೋ, ಅಷ್ಟೇ, ಊರ ಹೆಸರಿಲ್ಲ. ಇಷ್ಟು ಬಡಕಲು ದಾಖಲೆಯಲ್ಲಿ ರಸವೆಲ್ಲಿ ಎನ್ನುವವರು ಕಣ್ಣನ್ನು ಒಂದಿಷ್ಟು ಬಲಕ್ಕೆ ಸರಿಸಬೇಕು. ಅಲ್ಲಿ ಕಸುಬಿನ ಅಂಕಣವಿದೆ.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಡಕ್ಕಿರುವ ಬರ್ಮಂಡ್ಸಿಯ ಪುಟಗಳಲ್ಲಿ ಈ ಅಂಕಣವನ್ನು ಮೇಲಿಂದ ಕೆಳಗೆ ಓದುತ್ತ ಹೋಗುವುದು ನನಗೆ ತುಂಬ ಇಷ್ಟದ ಕೆಲಸ. ಟ್ಯಾನರ್, ಕರಿಯರ್, ಫೆಲ್‌ಮಾಂಗರ್, ಲೆದರ್ ಡ್ರೆಸರ್. ಅವಸರದಲ್ಲಿ ವಂಶವೃಕ್ಷ ಬರೆಯುವವರು ಎಲ್ಲರನ್ನೂ ‘ಚರ್ಮದ ಕೆಲಸದವರು’ ಎಂದು ಒಂದೇ ಸಾಲಿಗೆ ತಳ್ಳಿಬಿಡುತ್ತಾರೆ. ಅಲ್ಲಿಗೆ ಅರ್ಧ ರುಚಿ ಹೋಯಿತು. ಫೆಲ್‌ಮಾಂಗರ್ ಕುರಿಯ ತೊಗಲಿನಿಂದ ಉಣ್ಣೆಯನ್ನು ಬಿಡಿಸುವವನು. ಟ್ಯಾನರ್ ದನದ ತೊಗಲನ್ನು ಸುಣ್ಣದ ಗುಂಡಿಗೆ ಇಳಿಸಿ, ಮರದ ದಿಂಡಿನ ಮೇಲೆ ಹಾಸಿ, ಎರಡು ಹಿಡಿಯ ಕತ್ತಿಯಿಂದ ಕೂದಲನ್ನೂ ಅಂಟಿದ ಮಾಂಸವನ್ನೂ ಹೆರೆದು, ಆಮೇಲೆ ಓಕ್ ಮರದ ತೊಗಟೆಯ ನೀರಿನಲ್ಲಿ ವರ್ಷದ ಹೊತ್ತು ನೆನೆಹಾಕುವವನು. ಕೆಲವೊಮ್ಮೆ ವರ್ಷಕ್ಕಿಂತಲೂ ಹೆಚ್ಚು. ಹಾಗೆ ಹದಗೊಂಡರೂ ಹಲಗೆಯಂತೆ ಸೆಟೆದಿರುವ ಆ ಚರ್ಮವನ್ನು ಒಂದೇ ದಪ್ಪಕ್ಕೆ ಸವರಿ, ಕೊಬ್ಬನ್ನೂ ಕಾಡ್ ಮೀನಿನ ಎಣ್ಣೆಯನ್ನೂ ಕುಡಿಸಿ, ಬಾಗುವಂತೆ ಮಾಡುವವನು ಕರಿಯರ್. ಒಬ್ಬನೇ ಈ ಎರಡೂ ಕಸುಬನ್ನು ಮಾಡಕೂಡದೆಂದು ಹಳೆಯ ಕಾನೂನು ಬಹುಕಾಲ ತಡೆದಿತ್ತು. ಹಾಗಾಗಿ ಅಪ್ಪ ಟ್ಯಾನರ್, ಹತ್ತು ವರ್ಷದ ನಂತರದ ಗಣತಿಯಲ್ಲಿ ಮಗ ಕರಿಯರ್ ಎಂದು ಕಂಡರೆ ನಾನು ಅಲ್ಲೇ ನಿಂತುಬಿಡುತ್ತೇನೆ. ಆ ಮನೆ ಗುಂಡಿಯ ಕೆಸರಿನಿಂದ ಎದ್ದು ಕೆಲಸದ ಮೇಜಿನ ಮುಂದೆ ಬಂದು ನಿಂತಿದೆ.

ಈ ಜನ ಬರ್ಮಂಡ್ಸಿಗೇ ಬಂದು ಸೇರಿದ್ದಕ್ಕೆ ಕಾರಣಗಳಿದ್ದವು. ಭರತಕ್ಕೆ ಏರಿ ಇಳಿತಕ್ಕೆ ತಗ್ಗುವ ನೆಕಿಂಜರ್ ತೊರೆಯ ನೀರು, ನದಿಯಾಚೆ ಮಾಂಸ ತಿನ್ನುವ ಮಹಾನಗರ, ಹಿಂಬದಿಗೆ ಓಕ್ ಬೆಳೆಯುವ ಕೆಂಟ್, ಸರ್ರಿ ಸೀಮೆಗಳು. ಮೇಲಾಗಿ, ಈ ನಾತ ನಗರದ ದೊಡ್ಡವರ ಮೂಗಿಗೆ ತಾಕಬಾರದಿತ್ತು. 1833ರಲ್ಲಿ ಇಲ್ಲಿ ಚರ್ಮದ ಮಾರುಕಟ್ಟೆ ಕಟ್ಟಿದರು. 1878ರ ಹೊತ್ತಿಗೆ ಅದರ ಪಕ್ಕದಲ್ಲೇ ಲೆದರ್ ಎಕ್ಸ್‌ಚೇಂಜ್ ಎದ್ದಿತು. ಅದರ ಮುಂಗೋಡೆಯ ಮೇಲೆ ದುಂಡು ಚೌಕಟ್ಟುಗಳೊಳಗೆ ಚರ್ಮದ ಕೆಲಸದ ಹಂತಗಳನ್ನು ಕೆತ್ತಿದ್ದಾರೆ, ಇಂದಿಗೂ ನೋಡಬಹುದು. ಬಾಗಿದ ಬೆನ್ನುಗಳನ್ನು ಶಿಲ್ಪಿ ಚೆನ್ನಾಗಿಯೇ ಹಿಡಿದಿದ್ದಾನೆ. ನಾತವನ್ನು ಕೆತ್ತಲು ಅವನಿಗೂ ಬರಲಿಲ್ಲ.

ನಾತದ ಮಾತು ಬಂದಮೇಲೆ ಹೆನ್ರಿ ಮೇಹ್ಯೂನನ್ನು ಬಿಡುವಂತಿಲ್ಲ. ಲಂಡನ್ನಿನ ಬಡವರ ಕುರಿತು 1851ರಲ್ಲಿ ಅವನು ಹೊರತಂದ ಪುಸ್ತಕದಲ್ಲಿ ‘ಪ್ಯೂರ್’ ಹೆಕ್ಕುವವರು ಬರುತ್ತಾರೆ. ಪ್ಯೂರ್ ಅಂದರೆ ನಾಯಿಯ ಹೇಲು. ಬೀದಿಬೀದಿ ಅಲೆದು ಅದನ್ನು ಬಕೆಟ್ಟಿನಲ್ಲಿ ತುಂಬಿ ಹದದ ಮನೆಗೆ ಹೊತ್ತುಹಾಕುವುದು ಅವರ ಜೀವನ. ಬಕೆಟ್ಟಿಗೆ ಎಂಟು ಪೆನ್ಸಿನಿಂದ ಒಂದು ಶಿಲಿಂಗ್ ಎರಡು ಪೆನ್ಸಿನ ತನಕ ಸಿಗುತ್ತಿತ್ತು. ಒಣಗಿ ಸುಣ್ಣದಂತಾದ ಮಾಲಿಗೆ ಹೆಚ್ಚು ಬೆಲೆ. ಸುಣ್ಣ ಕುಡಿದು ಬಿರುಸಾದ ತೊಗಲನ್ನು ಮೆತ್ತಗೆ ಮಾಡಲು ಅದರ ರಸ ಬೇಕಾಗಿತ್ತು. ದಪ್ಪನೆಯ ಅಟ್ಟೆಗಲ್ಲ, ಅತಿ ನಯವಾದ ಚರ್ಮಕ್ಕೆ. ಶ್ರೀಮಂತ ಹೆಂಗಸರ ಕೈಗವಸು, ಚಿನ್ನದ ಅಚ್ಚೊತ್ತಿದ ಪುಸ್ತಕದ ಮೊರಾಕೊ ಹೊದಿಕೆ, ಇಂಥವು. ಹಳೆಯ ಗ್ರಂಥಾಲಯದಲ್ಲಿ ಅಂಥ ಹೊದಿಕೆಯ ಮೇಲೆ ಬೆರಳಾಡಿಸಿ ಸುಖಪಡುವವರಿಗೆ ಇದನ್ನು ಹೇಳುವುದರಲ್ಲಿ ನನಗೊಂದು ಚಿಕ್ಕ ತುಂಟ ಸಂತೋಷವಿದೆ. ಆ ನಯದ ಗುಟ್ಟು ಗೊತ್ತಾದರೂ ನಯ ಕಡಿಮೆಯಾಗುವುದಿಲ್ಲ ಎಂಬುದು ಇನ್ನೊಂದು ಸಂತೋಷ.

ಯಜಮಾನರನ್ನು ಹುಡುಕುವುದು ಸುಲಭ, ಆದ್ದರಿಂದ ಸಪ್ಪೆ. ಅಂಗಡಿ ಕಾರ್ಖಾನೆಗಳ ಡೈರೆಕ್ಟರಿಗಳಲ್ಲಿ ಅವರ ಹೆಸರು ಅಚ್ಚಾಗಿದೆ. ಉಯಿಲು, ಭಾವಚಿತ್ರ, ಕೆಲವರಿಗೆ ಪ್ರತಿಮೆ. ನೆಕಿಂಜರ್ ಮಿಲ್ಸಿನ ಬೆವಿಂಗ್ಟನ್ ಮನೆತನದ ಸ್ಯಾಮ್ಯುಯಲ್ ಬೌರ್ನ್ ಬೆವಿಂಗ್ಟನ್ ಬರ್ಮಂಡ್ಸಿಯ ಮೊದಲ ಮೇಯರ್ ಆದ; ಟೂಲಿ ಸ್ಟ್ರೀಟಿನಲ್ಲಿ ಅವನು ಕಂಚಿನಲ್ಲಿ ನಿಂತಿದ್ದಾನೆ. ಅವನ ಗುಂಡಿಗಳಲ್ಲಿ ಕೂಲಿಗೆ ದುಡಿದವರು ಡೈರೆಕ್ಟರಿಯಲ್ಲಿ ಇಲ್ಲ. ಅವರನ್ನು ಚರ್ಚಿನ ರಿಜಿಸ್ಟರಿನಲ್ಲಿ ಹುಡುಕಬೇಕು, ಮದುವೆಯ ಪತ್ರದ ಕೆಳಗೆ ಸಹಿಯ ಜಾಗದಲ್ಲಿ ಹಾಕಿದ ಅಡ್ಡಗೀಟಿನ ಗುರುತಿನಲ್ಲಿ ಹುಡುಕಬೇಕು. 1837ರ ಜುಲೈಯಿಂದ ನಡೆದುಬಂದ ಆ ಮದುವೆ ಪತ್ರದಲ್ಲಿ ಹುಡುಗನ ಅಪ್ಪ, ಹುಡುಗಿಯ ಅಪ್ಪ, ಇಬ್ಬರ ಹೆಸರೂ ಕಸುಬೂ ಇರುತ್ತವೆ. ಟ್ಯಾನರನ ಮಗಳು ಕರಿಯರನ ಮಗನನ್ನು ಕಟ್ಟಿಕೊಂಡದ್ದು ಹೀಗೆ ತಿಳಿಯುತ್ತದೆ. ಅಮ್ಮಂದಿರಿಗೆ ಅಲ್ಲಿ ಜಾಗ ಸಿಕ್ಕಿದ್ದು ಯಾವಾಗ ಗೊತ್ತೇ? 2021ರ ಮೇ ತಿಂಗಳಲ್ಲಿ.

ಗಣತಿಯಲ್ಲೂ ಹೆಂಗಸರ ಕಸುಬಿನ ಅಂಕಣ ಎಷ್ಟೋ ಸಲ ಖಾಲಿ. ನಾರ್ತಾಂಪ್ಟನ್ ಎಂಬ ಬೂಟಿನ ಊರಲ್ಲಿ ಮೇಲ್ಚರ್ಮದ ತುಂಡುಗಳನ್ನು ಜೋಡಿಸಿ ಹೊಲಿಯುವ ‘ಕ್ಲೋಸರ್’ ಕೆಲಸವನ್ನು ಹೆಂಗಸರು ಅಡುಗೆಮನೆಯಲ್ಲೇ ಕೂತು ಮಾಡುತ್ತಿದ್ದರು. ಗಣತಿಯವನ ಕಣ್ಣಿಗೆ ಅವಳು ಹೆಂಡತಿ ಮಾತ್ರ. ಗಂಡ ‘ಕ್ಲಿಕರ್’ ಆಗಿದ್ದರೆ ಆ ಮನೆಯವರು ಬೀದಿಯಲ್ಲಿ ತಲೆ ಎತ್ತಿ ನಡೆಯುತ್ತಿದ್ದರೆಂದು ಧೈರ್ಯವಾಗಿ ಹೇಳಬಹುದು. ಇಡೀ ಚರ್ಮವನ್ನು ಮೇಜಿನ ಮೇಲೆ ಹಾಸಿ, ಎಲ್ಲಿಂದ ಯಾವ ತುಂಡು ಕತ್ತರಿಸಬೇಕೆಂದು ನಿರ್ಧರಿಸುವವನು ಅವನು. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಹಿಗ್ಗುತ್ತದೆ. ಮುಳ್ಳುಬೇಲಿ ಗೀರಿದ ಗಾಯ, ಹುಳು ಕೊರೆದ ತೂತು ಇವನ್ನೆಲ್ಲ ತಪ್ಪಿಸಬೇಕು, ಆದರೂ ಚೂರು ವ್ಯರ್ಥವಾಗಬಾರದು. ದನ ಬದುಕಿದ್ದಾಗ ಪಟ್ಟ ಪಾಡನ್ನು ಅವನು ಚರ್ಮದಲ್ಲಿ ಓದುತ್ತಿದ್ದ. (ಈ ಗಣತಿಗಳಿಗಿಂತ ಹಿಂದಿನ ಮಾತಾದರೂ ಇಲ್ಲಿ ಹೇಳಿಬಿಡುತ್ತೇನೆ: 1817ರಲ್ಲಿ ಸೆರಾಂಪುರದಿಂದ ಕನ್ನಡ ವ್ಯಾಕರಣ ಹೊರತಂದ ವಿಲಿಯಂ ಕೇರಿ ಇದೇ ನಾರ್ತಾಂಪ್ಟನ್ ಸೀಮೆಯಲ್ಲಿ ಬೂಟು ಹೊಲಿಯುವ ಕಸುಬು ಕಲಿತವನು.)

ನಮಗೂ ಆ ಬರ್ಮಂಡ್ಸಿಗೂ ಇನ್ನೂ ಗಟ್ಟಿಯಾದ ನಂಟೊಂದಿದೆ. ‘ಈಸ್ಟ್ ಇಂಡಿಯಾ ಕಿಪ್ಸ್’ ಎಂಬ ಹೆಸರಿನಲ್ಲಿ ಮದರಾಸಿನಿಂದ ಹಡಗು ಹತ್ತಿ ಲಂಡನ್ನಿನ ಹರಾಜಿಗೆ ಹೋಗುತ್ತಿದ್ದ ಅರೆಹದದ ತೊಗಲುಗಳು. ಅವುಗಳಿಗೆ ಓಕ್ ಎಲ್ಲಿಂದ ಬರಬೇಕು? ದಕ್ಷಿಣದ ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ, ಅದರ ತೊಗಟೆಯೇ ಹದಕ್ಕೆ ಆಧಾರ. ಬರ್ಮಂಡ್ಸಿಯ ಕರಿಯರನೊಬ್ಬ ಎಣ್ಣೆ ಕುಡಿಸುತ್ತಿದ್ದ ಚರ್ಮದಲ್ಲಿ ನಮ್ಮ ಕಡೆಯ ಬರಡು ನೆಲದ ಒಗರು ಇದ್ದಿರಲಿಕ್ಕೂ ಸಾಕು. ಅವನ ಮರಿಮಕ್ಕಳು ಇಂದು ಕೂತಲ್ಲೇ ಅವನ ಹೆಸರು, ಬೀದಿ, ಕಸುಬು ಎಲ್ಲವನ್ನೂ ತೆಗೆದು ನೋಡುತ್ತಾರೆ. ಈ ಕಡೆ ಆ ತೊಗಲನ್ನು ಸುಲಿದವನ, ತಂಗಡಿ ನೀರಿನಲ್ಲಿ ಕಾಲದ್ದಿ ನಿಂತವನ ಮರಿಮಕ್ಕಳಿಗೆ ಅಂಥ ಪುಟವಿಲ್ಲ. ಬ್ರಿಟಿಷರ ಭಾರತದಲ್ಲಿ ಗಣತಿಯಾಯಿತು, ಮನೆಮನೆಯ ಹಾಳೆಗಳು ಉಳಿಯಲಿಲ್ಲ. ಉಳಿದದ್ದು ಜಾತಿವಾರು ಮೊತ್ತ. ಇಂಗ್ಲೆಂಡಿನ ಅಂಕಣದಲ್ಲಿ ಕಸುಬು ಬದಲಾಗುತ್ತಿತ್ತು. ಇಲ್ಲಿ ಮಗ ಕಸುಬು ಬಿಟ್ಟರೂ ಊರು ಅವನನ್ನು ಬಿಡುತ್ತಿರಲಿಲ್ಲ. ಇಂಗ್ಲೆಂಡಿನ ವಂಶಾವಳಿಗಳನ್ನು ಸವಿಯುವಾಗಲೆಲ್ಲ ಈ ಒಗರು ನನ್ನ ನಾಲಿಗೆಯ ಮೇಲಿರುತ್ತದೆ.

ಅಲ್ಲಿನ ಕಸುಬುಗಳ ಬದಲಾವಣೆಯನ್ನು ನೋಡುವುದೇ ಒಂದು ಚಂದ. 1884ರಲ್ಲಿ ಅಮೆರಿಕದ ಅಗಸ್ಟಸ್ ಶುಲ್ಟ್ಜ್ ಕ್ರೋಮಿಯಂ ಲವಣದಿಂದ ಚರ್ಮ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಗುಂಡಿಯಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದದ್ದು ಕೆಲವೇ ದಿನಗಳಿಗೆ ಇಳಿಯಿತು. ಓಕ್ ತೊಗಟೆಯನ್ನು ನೆಚ್ಚಿದ ಮನೆಗಳು ಒಂದೊಂದಾಗಿ ಮುಚ್ಚಿದವು. ಡೆವನ್‌ನ ಕೊಲಿಟನ್ ಊರಿನ ಬೇಕರ್ ಮನೆತನವೊಂದು ಮಾತ್ರ ಹಠ ಹಿಡಿದಂತೆ ಇಂದಿಗೂ ಓಕ್ ತೊಗಟೆಯಲ್ಲೇ, ವರ್ಷ ಮೀರಿ ಕಾದು, ಚರ್ಮ ಹದ ಮಾಡುತ್ತಿದೆ. ಜೀನು, ಲಗಾಮುಗಳಿಗೆ ಹೆಸರಾದ ವಾಲ್ಸಾಲ್, ಮೋಟಾರು ಬಂದು ಕುದುರೆ ಮರೆಯಾದಾಗ ಸೊಂಟಪಟ್ಟಿ, ಕೈಚೀಲಗಳಿಗೆ ಹೊರಳಿತು; ಎಲಿಜಬೆತ್ ರಾಣಿ ಕೈಯಲ್ಲಿ ಸದಾ ತೂಗುತ್ತಿದ್ದ ಲಾನರ್ ಚೀಲಗಳನ್ನು ಹೊಲಿದದ್ದು ಆ ಊರಲ್ಲೇ. ಅಲ್ಲಿನ ಫುಟ್ಬಾಲ್ ತಂಡವನ್ನು ಜನ ಇವತ್ತಿಗೂ ಜೀನುಗಾರರು ಎಂದೇ ಕರೆಯುತ್ತಾರೆ, ನಾರ್ತಾಂಪ್ಟನ್ ತಂಡವನ್ನು ಬೂಟು ಹೊಲಿಯುವವರು ಎಂದು. ಅಂಕಣದಲ್ಲಿಯೂ ಇದೇ ಕತೆ: ಅಜ್ಜ ಟ್ಯಾನರ್, ಮಗ ಲೆದರ್ ಡ್ರೆಸರ್, ಮೊಮ್ಮಗ ಚರ್ಮದ ಗೋದಾಮಿನ ಗುಮಾಸ್ತ, ಅವನ ಮಗಳು ಟೈಪಿಸ್ಟ್. ಇಂಥ ಸಾಲನ್ನು ಎಷ್ಟು ಸಲ ಓದಿದರೂ ನನಗೆ ಬೇಸರವಿಲ್ಲ. ನಾಲ್ಕು ತಲೆಮಾರಿನಲ್ಲಿ ಒಂದು ಮನೆಯ ಬಟ್ಟೆಯಿಂದ ವಾಸನೆ ಹೋಗುವುದು ಹೀಗೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹಿರಿದಾದ ಪುಟ 1911ರದು. ಅಲ್ಲಿಯ ತನಕ ಉಳಿದಿರುವುದೆಲ್ಲ ಗಣತಿಯವನು ನಕಲು ಮಾಡಿದ ಪುಸ್ತಕ. ಈ ಸಲ ಮನೆಯ ಯಜಮಾನ ತಾನೇ ತುಂಬಿದ ಹಾಳೆ ಉಳಿಯಿತು. ಅಡ್ಡಗೀಟು ಹಾಕಿದವನ ಮೊಮ್ಮಗನ ಕೈಬರಹ! ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ತೀರಿಕೊಂಡವರೆಷ್ಟು ಎಂದು ಆ ಹಾಳೆ ಕೇಳಿತ್ತು. ಬರೀ ಸಂಖ್ಯೆ ಬೇಕಾಗಿತ್ತು. ಕೆಲವು ಅಪ್ಪಂದಿರು ತೀರಿಹೋದ ಮಕ್ಕಳ ಹೆಸರನ್ನೂ ಸಾಲಾಗಿ ಬರೆದರು. ಗುಮಾಸ್ತರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಹೊಡೆದರೂ ಓದಲು ಬರುತ್ತದೆ.

1921ರ ಹಾಳೆಗೆ ಇನ್ನೂ ಒಂದು ಸೊಗಸು. ಯಾರ ಬಳಿ ಕೆಲಸ, ಎಲ್ಲಿ ಎಂಬುದನ್ನೂ ಕೇಳಿದ್ದರು. ಹಾಗಾಗಿ ಕೂಲಿಯವನೂ ಕಂಚಿನ ಯಜಮಾನನ ಕಂಪನಿಯೂ ಮೊದಲ ಬಾರಿಗೆ ಒಂದೇ ಸಾಲಿನಲ್ಲಿ ಸಿಗುತ್ತಾರೆ. ಅಲ್ಲಿಂದ ಮುಂದೆ ದಾರಿ ಹರಿದಿದೆ. 1931ರ ಗಣತಿಯ ಹಾಳೆಗಳು 1942ರ ಡಿಸೆಂಬರಿನಲ್ಲಿ ಬೆಂಕಿಗೆ ಹೋದವು; 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ನೂರು ವರ್ಷದ ಗುಟ್ಟಿನ ನಿಯಮದಂತೆ 1951ರದು ತೆರೆಯುವುದು 2052ಕ್ಕೆ. ನಡುವಿನ ಈ ಬಿಟ್ಟ ಜಾಗಕ್ಕೆ, ಯುದ್ಧ ಶುರುವಾದಾಗ ಮನೆಮನೆಯವರನ್ನು ಬರೆದುಕೊಂಡ 1939ರ ರಿಜಿಸ್ಟರ್ ಒಂದು ತೇಪೆ. ಮಿಕ್ಕದ್ದನ್ನು ಹದದ ಮನೆಯ ವಾಸನೆಯನ್ನು ಮಕ್ಕಳಾಗಿದ್ದಾಗ ಮೂಸಿದವರ ಬಾಯಿಂದಲೇ ಕೇಳಬೇಕು. ಬರ್ಮಂಡ್ಸಿಯಲ್ಲಿ ಅಂಥ ಮುದುಕರು ಇನ್ನೂ ಕೆಲವರಿದ್ದಾರೆ, ಮಾತೂ ಜಾಸ್ತಿ.