ಧಾಟಿ, ಪಕ್ಷ ಮತ್ತು ಯಂತ್ರ: ಜನಾಭಿಪ್ರಾಯದ ಅಳತೆಗೊಂದು ಜಾನಪದ ವಿಮರ್ಶೆ

ಸಾಮಾಜಿಕ ಜಾಲತಾಣಗಳ ಬರಹಗಳನ್ನು ಯಂತ್ರಕಲಿಕೆಯಿಂದ ವರ್ಗೀಕರಿಸಿ ಜನರ ರಾಜಕೀಯ ಒಲವನ್ನು ಅಳೆಯುವ ವಿಧಾನಕ್ಕೆ ಬೇಕಾದ ಸಾಮಗ್ರಿ ಕನ್ನಡದಲ್ಲಿಯೂ ಸಿದ್ಧವಾಗುತ್ತಿದೆ. 2020ರಲ್ಲಿ ಅದೀಪ್ ಹಂದೆ ಮತ್ತು ಸಂಗಡಿಗರು ಪ್ರಕಟಿಸಿದ ಕನ್ನಡ-ಇಂಗ್ಲಿಷ್ ಮಿಶ್ರಭಾಷೆಯ ದತ್ತಸಂಗ್ರಹದಲ್ಲಿ ಯೂಟ್ಯೂಬಿನ 7,671 ಪ್ರತಿಕ್ರಿಯೆಗಳಿದ್ದು, ಅವುಗಳನ್ನು ಮೆಚ್ಚುಗೆ, ಅಮೆಚ್ಚುಗೆ, ಮಿಶ್ರಭಾವ ಮುಂತಾಗಿ ವಿಂಗಡಿಸಲಾಗಿದೆ. ಆ ಸಂಗ್ರಹ ಚುನಾವಣಾ ಸಮೀಕ್ಷೆಗೆಂದು ರೂಪುಗೊಂಡದ್ದಲ್ಲ. ಆದರೆ ಇಂತಹ ಭಾವವರ್ಗೀಕರಣವನ್ನೇ ಜನಮತವೆಂದು ಓದುವುದು ಎಷ್ಟು ಸರಿ ಎಂಬುದನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಹಾಡುಗಾರಿಕೆಯ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗುತ್ತದೆ.

ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ವಿರೋಧಿಸಿ ಬಂಡೆದ್ದರು. ಆ ಘಟನೆಯ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದನು. ಲಾವಣಿಯ ತುಂಬ ಇರುವುದು ಸಾವು, ಸುಲಿಗೆ, ಸುಟ್ಟ ಊರಿನ ಚಿತ್ರ. ಪದಗಳನ್ನಷ್ಟೇ ಎಣಿಸಿದರೆ ಅದು ಅಮೆಚ್ಚುಗೆಯ ರಾಶಿಗೆ ಸೇರುತ್ತದೆ. ಆದರೆ ಕೇಳುಗರ ಪಾಲಿಗೆ ಅದು ಬೇಡರ ಶೌರ್ಯದ ಕೊಂಡಾಟ. ಭಾವ ಬೇರೆ, ನಿಲುವು ಬೇರೆ ಎಂಬ ಈ ಭೇದವನ್ನು ಗಣಕ ಭಾಷಾವಿಜ್ಞಾನವೂ ಒಪ್ಪಿದೆ. 2016ರ ಸೆಮ್‌ಇವಲ್ ಸ್ಪರ್ಧೆಯಲ್ಲಿ ಟ್ವೀಟುಗಳ ನಿಲುವನ್ನು ಗುರುತಿಸುವುದನ್ನು ಪ್ರತ್ಯೇಕ ಕಾರ್ಯವಾಗಿಯೇ ಇಡಲಾಗಿತ್ತು.

ಇನ್ನೂ ಜಟಿಲವಾದುದು ಹರದೇಶಿ-ನಾಗೇಶಿ ಸಂಪ್ರದಾಯ. ಒಂದು ಮೇಳ ಶಿವನನ್ನು, ಪುರುಷನನ್ನು ಎತ್ತಿಹಿಡಿದರೆ ಇನ್ನೊಂದು ಶಕ್ತಿಯನ್ನು, ಸ್ತ್ರೀಯನ್ನು ಎತ್ತಿಹಿಡಿದು ಸವಾಲು-ಜವಾಬಿಗೆ ನಿಲ್ಲುತ್ತದೆ. ಇಲ್ಲಿ ಪಕ್ಷವು ಮೇಳದ್ದು. ಹಾಡುವವರ ಖಾಸಗಿ ಮತವೆಂದು ಅದನ್ನು ತೀರ್ಮಾನಿಸಲಾಗದು. ಎದುರಾಳಿಯ ಹಾಡನ್ನು ಬಿಟ್ಟು ಒಂದನ್ನೇ ಆಲಿಸಿದವನಿಗೆ ಅರ್ಧ ಮಾತ್ರ ದಕ್ಕುತ್ತದೆ. ಜಾಲತಾಣದ ಜಗಳದಿಂದ ಒಂದೇ ಸಾಲನ್ನು ಕಿತ್ತು ಯಂತ್ರಕ್ಕೆ ಉಣಿಸಿದಾಗ ಆಗುವುದೂ ಇದೇ.

“ಭಾರೀ ಕೆಲಸ ಮಾಡ್ಯಾರ ಬಿಡ್ರಿ” ಎಂಬ ಮಾತು ಈ ಸೀಮೆಯಲ್ಲಿ ಹೊಗಳಿಕೆಯೂ ಹೌದು, ಕಟಕಿಯೂ ಹೌದು. ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಾಗ ಧಾಟಿ ಅಳಿದು ಪದವಷ್ಟೇ ಉಳಿಯುತ್ತದೆ. ಜೊತೆಗೆ, ಬನಹಟ್ಟಿಯ ನೇಕಾರ, ಮುಧೋಳದ ಕಬ್ಬು ಬೆಳೆಗಾರ, ಆಲಮಟ್ಟಿ ಹಿನ್ನೀರಿಗೆ ನೆಲ ಕಳೆದುಕೊಂಡ ಬೀಳಗಿಯ ರೈತ ಇವರೆಲ್ಲರೂ ಜಾಲತಾಣದಲ್ಲಿ ಬರೆಯುತ್ತಾರೆಂದು ಭಾವಿಸುವಂತಿಲ್ಲ. ಬರೆಯದವರ ಮೌನವನ್ನು ಸಮ್ಮತಿಯೆಂದು ಲೆಕ್ಕಹಾಕಿದರೆ ಪರಿಹಾರ, ಬೆಲೆ, ಕೂಲಿಯ ಪ್ರಶ್ನೆಗಳೇ ಲೆಕ್ಕದಿಂದ ಹೊರಗುಳಿಯುತ್ತವೆ.

ಯಂತ್ರವನ್ನು ತಿರಸ್ಕರಿಸುವುದು ಇದಕ್ಕೆ ಪರಿಹಾರವಲ್ಲ. ಲಕ್ಷಾಂತರ ಬರಹಗಳನ್ನು ಜಾಲಿಸಿ ಯಾವ ವಿಷಯ ಎಲ್ಲಿ ಚರ್ಚೆಯಲ್ಲಿದೆ ಎಂದು ತೋರಿಸುವ ಶಕ್ತಿ ಅದಕ್ಕಿದೆ. ಆದರೆ ಮಾದರಿ ವಾಕ್ಯಗಳಿಗೆ ಗುರುತು ಹಚ್ಚುವವರು ಆ ಸೀಮೆಯ ಆಡುಮಾತನ್ನು ಬಲ್ಲವರಾಗಿರಬೇಕು. ವಾಕ್ಯದೊಂದಿಗೆ ಅದು ಯಾವ ಮಾತಿಗೆ ಉತ್ತರ ಎಂಬುದೂ ದಾಖಲಾಗಬೇಕು. ಹಾಡಿನ ಜೊತೆಗೆ ಹಾಡಿದವರು, ಕೇಳಿದವರು, ಸಂದರ್ಭ ಇವೆಲ್ಲವನ್ನೂ ದಾಖಲಿಸುವುದು ಜಾನಪದ ಕ್ಷೇತ್ರಕಾರ್ಯದ ಮೊದಲ ಪಾಠ. ಜನಮತವನ್ನು ಅಳೆಯಹೊರಟ ಯಂತ್ರಕಲಿಕೆಗೂ ಆ ಪಾಠ ಅನ್ವಯಿಸುತ್ತದೆ.