ತಿದ್ದುವ ಕೈ ಯಾರದು?

ನಿಘಂಟು ತೆಗೆದು ನೋಡಿದರೆ ‘ತಿದ್ದು’ ಬಹಳ ಸಾಧು ಶಬ್ದ. ನೆಟ್ಟಗೆ ಮಾಡು, ಸರಿಪಡಿಸು, ಅಂದಗೊಳಿಸು. ಮೀಸೆ ತಿದ್ದುತ್ತಾರೆ, ಹುಬ್ಬು ತಿದ್ದುತ್ತಾರೆ, ಕರಡು ತಿದ್ದುತ್ತಾರೆ, ಮಕ್ಕಳು ಅಕ್ಷರ ತಿದ್ದುತ್ತವೆ. ಆದರೆ ನಿಘಂಟಿನಲ್ಲಿ ಶಬ್ದದ ಅರ್ಥ ಇರುತ್ತದೆಯೇ ಹೊರತು ಅದನ್ನು ಯಾರು ಯಾರಿಗೆ ಹೇಳುತ್ತಾರೆ ಎನ್ನುವುದು ಇರುವುದಿಲ್ಲ. ಊರಿನಿಂದ ಕೇರಿಗೆ ಬರುವಷ್ಟರಲ್ಲಿ ಈ ಶಬ್ದದ ಮುಖವೇ ಬೇರೆಯಾಗುತ್ತದೆ.

ಮೇಷ್ಟ್ರು ಸ್ಲೇಟಿನ ಮೇಲೆ ‘ಅ’ ಬರೆದು ಕೊಡುತ್ತಾರೆ. ಮಗು ಅದರ ಮೇಲೇ ಬಳಪ ಆಡಿಸಬೇಕು. ಗೆರೆ ಬಿಟ್ಟು ಆಚೆ ಹೋದರೆ ತಪ್ಪು. ಅಂದರೆ ಸರಿಯಾದ ರೂಪವನ್ನು ಮೊದಲೇ ಯಾರೋ ಬರೆದಿಟ್ಟಿದ್ದಾರೆ, ನೀನು ಅದರ ಮೇಲೆ ಕೈಯಾಡಿಸು. ಅಕ್ಷರಕ್ಕೆ ಇದು ಸರಿಯೇ. ನಮ್ಮ ಮನೆಯಲ್ಲಿ ಮೊದಲು ಸ್ಲೇಟು ಹಿಡಿದವನು ನಾನು, ಹಾಗೆ ತಿದ್ದಿಯೇ ಕಲಿತವನು. ತಕರಾರು ಇರುವುದು ಅಕ್ಷರಕ್ಕೆ ಸಲ್ಲುವ ನಿಯಮವನ್ನು ಮನುಷ್ಯರ ಮೇಲೆ ಹೇರುವುದರ ಬಗ್ಗೆ.

ಕೇರಿಯ ಹುಡುಗ ಹೋಟೆಲಿನೊಳಗೆ ಬೆಂಚಿನ ಮೇಲೆ ಕೂತು ಟೀ ಕೇಳಿದರೆ ಯಜಮಾನರಿಗೆ ಸುದ್ದಿ ಹೋಗುತ್ತದೆ. ‘ನಿಮ್ ಐಕ್ಳನ್ನ ಒಸಿ ತಿದ್ಕಳ್ರಪ್ಪ’ ಅಂತ ಬುದ್ಧಿಮಾತು ಬರುತ್ತದೆ. ಬಯ್ಗುಳವಲ್ಲ, ಬುದ್ಧಿಮಾತು! ಮೇಲೆ ಬಸವಣ್ಣನವರ ಸಾಕ್ಷಿ ಬೇರೆ. ಲೋಕವನ್ನು ಬಿಟ್ಟು ಮೊದಲು ತಮ್ಮನ್ನು ತಾವು ನೆಟ್ಟಗೆ ಮಾಡಿಕೊಳ್ಳಿ ಎಂಬರ್ಥದ ವಚನ ಸಭೆ ಸಭೆಯಲ್ಲೂ ಕೇಳುತ್ತದೆ. ಬಸವಣ್ಣ ಅದನ್ನು ಪಕ್ಕದ ಮನೆಯವರ ದುಃಖಕ್ಕೆ ಅಳುವವರಿಗೆ ಹೇಳಿದ್ದು. ಯಜಮಾನರು ಮಾತ್ರ ಅದನ್ನು ತಮಗೆ ಹೇಳಿಕೊಂಡದ್ದನ್ನು ನಾನು ಕಂಡಿಲ್ಲ.

ಇನ್ನು ಸಾಹಿತ್ಯಕ್ಕೆ ಬನ್ನಿ. ಒಬ್ಬ ಸಂಪಾದಕರಿಗೆ ನಾನೊಂದು ಪದ್ಯ ಕಳಿಸಿದ್ದೆ. ‘ಅವ್ವ ಇಟ್ಟು ತಿರುವ್ತಾವ್ಳೆ’ ಅಂತ ಅದರಲ್ಲೊಂದು ಸಾಲು. ಅಚ್ಚಾಗಿ ಬಂದಾಗ ಅದು ‘ತಾಯಿ ಅಡುಗೆ ಮಾಡುತ್ತಿದ್ದಾಳೆ’ ಎಂದಾಗಿತ್ತು. ‘ಭಾಷೆ ಸ್ವಲ್ಪ ತಿದ್ದಿದ್ದೇನೆ’ ಎಂದು ಪ್ರೀತಿಯಿಂದಲೇ ಬರೆದಿದ್ದರು. ಅವ್ವನ ಕೈಯ ಬಿಸಿ ಹೋಯಿತು, ರಾಗಿ ಹೋಯಿತು, ಒಲೆ ಹೋಯಿತು. ಉಳಿದದ್ದು ಯಾರದೋ ಮನೆಯ ತಾಯಿ. 1973ರಲ್ಲಿ ದೇವನೂರ ಮಹಾದೇವರ ‘ದ್ಯಾವನೂರು’, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದವು. ಆಡುಮಾತಿನಲ್ಲೇ ನಿಂತ ‘ಕುಸುಮಬಾಲೆ’ಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಷ್ಟಾದ ಮೇಲೂ ಕೇರಿಯ ಮಾತು ತಪ್ಪೆಂದೂ ಅದನ್ನು ತಿದ್ದುವುದು ಉಪಕಾರವೆಂದೂ ನಂಬಿದವರು ಇದ್ದಾರೆ.

ಇಂಥ ಉಪಕಾರ ಬಾಬಾಸಾಹೇಬರನ್ನೂ ಬಿಡಲಿಲ್ಲ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಕರೆಯಿತು. ಭಾಷಣ ಓದಿ ಗಾಬರಿಯಾಗಿ, ಕೆಲವು ಭಾಗ ತಿದ್ದಿ ಕೊಡಿ ಎಂದು ಕೇಳಿತು. ಜಾತಿ ಮುರಿಯುವ ಸಂಘದವರೇ ಹೀಗೆ ಕೇಳಿದ್ದು! ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದರು ಅಂಬೇಡ್ಕರ್. ಸಮ್ಮೇಳನ ನಿಂತುಹೋಯಿತು. ಭಾಷಣ ಅವರ ಸ್ವಂತ ಖರ್ಚಿನಲ್ಲಿ ‘ಜಾತಿ ವಿನಾಶ’ವಾಗಿ ಹೊರಬಂತು. ಅದರಲ್ಲೇ ಅವರು ಎರಡು ಕೆಲಸಗಳನ್ನು ಬೇರ್ಪಡಿಸುತ್ತಾರೆ. ವಿಧವಾ ವಿವಾಹ, ಬಾಲ್ಯವಿವಾಹ ನಿಷೇಧ, ಇವು ಮೇಲ್ಜಾತಿ ಕುಟುಂಬದ ಸುಧಾರಣೆ. ಜಾತಿಯನ್ನೇ ತೆಗೆದು ಸಮಾಜವನ್ನು ಹೊಸದಾಗಿ ಕಟ್ಟುವುದು ಬೇರೆ. ಮೊದಲನೆಯದು ಇದ್ದ ಗೆರೆಯ ಮೇಲೆ ತಿದ್ದುವುದು. ಎರಡನೆಯದಕ್ಕೆ ಸ್ಲೇಟನ್ನೇ ಒರೆಸಬೇಕು.

ಹಾಗಾದರೆ ‘ತಿದ್ದು’ ಶಬ್ದವನ್ನೇ ಬಿಸಾಕೋಣವೇ? ಆಗದು ಗೆಳೆಯರೇ. ಅಲ್ಪವಿರಾಮವನ್ನೂ ಬಿಟ್ಟುಕೊಡದ ಆ ಮನುಷ್ಯನೇ 1951ರಲ್ಲಿ, ಮದರಾಸಿನ ಮೀಸಲಾತಿ ಆದೇಶವನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ ಮೇಲೆ, ಕಾನೂನು ಮಂತ್ರಿಯಾಗಿ ಸಂವಿಧಾನದ ಮೊದಲ ತಿದ್ದುಪಡಿಯ ಪರ ನಿಂತರು. 15(4)ನೇ ವಿಧಿ ಬಂದದ್ದು ಹಾಗೆ. ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ತಿದ್ದುಪಡಿ ಹಿಡಿದುಕೊಂಡೇ.

ನಮ್ಮ ಭೂಮಿಯ ಕಥೆಯನ್ನೂ ನೋಡಿ. 1961ರ ಭೂಸುಧಾರಣಾ ಕಾಯ್ದೆಗೆ ಅರಸು ಕಾಲದಲ್ಲಿ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ನಮೂನೆ 7 ತುಂಬಿದ ಗೇಣಿದಾರ ಒಡೆಯನಾದ. ಆದರೆ ಗೇಣಿಗೂ ನೆಲ ಸಿಗದ ಕೂಲಿಯವನಿಗೆ ಆ ನಮೂನೆಯಲ್ಲಿ ಜಾಗವಿರಲಿಲ್ಲ. 2020ರಲ್ಲಿ ಅದೇ ಕಾಯ್ದೆಗೆ ಇನ್ನೊಂದು ತಿದ್ದುಪಡಿ: 79ಎ, 79ಬಿ ಕಲಮು ಕಿತ್ತು, ನೇಗಿಲು ಮುಟ್ಟದವನೂ ಕೃಷಿಭೂಮಿ ಕೊಳ್ಳಬಹುದೆಂದರು. ನಮ್ಮವರಿಗೆ ಮಂಜೂರಾದ ಜಮೀನು ಕೈತಪ್ಪದಂತೆ ಕಾಯಲು 1978ರ ಪಿಟಿಸಿಎಲ್ ಕಾಯ್ದೆ ಇತ್ತು. ತಡವಾಗಿ ಬಂದಿರಿ ಎಂದು 2017ರಲ್ಲಿ ಸುಪ್ರೀಂ ಕೋರ್ಟು ಬಾಗಿಲು ಹಾಕಿತು. ಧರಣಿ ಕೂತು ಹೋರಾಡಿದ ಮೇಲೆ 2023ರಲ್ಲಿ, ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಬಂತು. ಮೂರಕ್ಕೂ ಹೆಸರು ಒಂದೇ, ತಿದ್ದುಪಡಿ. ಒಂದರಲ್ಲಿ ನಮ್ಮವರನ್ನು ಮರೆತರು, ಒಂದರಲ್ಲಿ ನೆಲವನ್ನು ಸಂತೆಗಿಟ್ಟರು, ಒಂದನ್ನು ನಾವೇ ಬರೆಸಿದೆವು.

ಕೊನೆಗೊಂದು ಮಾತು, ನನ್ನ ಮೇಲೆ. ಪದವಿ ಮುಗಿಸಿದ ವರ್ಷ ಪಟ್ಟಣದ ಗೆಳೆಯರು ಮನೆಗೆ ಬಂದಿದ್ದರು. ಅವ್ವ ‘ಉಣ್ಣಾಕ್ ಏಳ್ರಪ್ಪ’ ಅಂದಳು. ನಾನು ಎಲ್ಲರೆದುರಿಗೆ ‘ಊಟಕ್ಕೆ ಏಳಿ ಅನ್ನವ್ವ’ ಅಂದೆ. ಅವತ್ತು ಪೂರ್ತಿ ಅವಳು ಮಾತಾಡಲಿಲ್ಲ. ಬರೀ ಬಡಿಸಿದಳು. ಸಂಪಾದಕರ ಮೇಲಿನ ನನ್ನ ಸಿಟ್ಟು ನಿಜ. ಆದರೆ ಆ ಕೆಂಪು ಮಸಿ ನನ್ನ ಕೈಯಲ್ಲೂ ಇತ್ತು. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಕೈಯಲ್ಲೂ ಅದು ದಿನಾ ಇದೆ. ಮಗುವಿನ ‘ಅ’ ತಿದ್ದಿರಿ. ಅದರ ಅವ್ವನ ಮಾತಿಗೆ ಮಾತ್ರ ಗೆರೆ ಎಳೆಯುವ ಮುಂಚೆ ಒಂದು ಗಳಿಗೆ ಕೈ ತಡೆಯಿರಿ.