ಎಳೆಯರೂ ‘ಹರಾಕಿರಿ’ ಚಲಚ್ಚಿತ್ರವೂ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಮನೆಗಳಲ್ಲಿ ಇಂದು ಪರದೇಶದ ಚಲಚ್ಚಿತ್ರಗಳೂ ಅಂಗೈಯ ಮೊಬೈಲಿನಲ್ಲಿಯೇ ದೊರಕುತ್ತವೆ. ಜಪಾನಿನ ಸಮುರಾಯಿ ಚಿತ್ರಗಳತ್ತ ತರುಣರ ಒಲವು ಸಹಜವಾದುದು. ಕತ್ತಿ, ಕವಚ, ಕೆಚ್ಚುಗಳು ಆ ವಯಸ್ಸನ್ನು ಸೆಳೆಯದಿರವು. ಅಂಥ ಚಿತ್ರಗಳಲ್ಲಿ ಅಗ್ರಗಣ್ಯವಾದ, ಮಸಾಕಿ ಕೊಬಾಯಾಶಿಯವರು ನಿರ್ದೇಶಿಸಿದ ‘ಹರಾಕಿರಿ’ (1962) ಎಳೆಯರು ನೋಡತಕ್ಕದ್ದೇ ಎಂಬುದನ್ನು, ಸದ್ಭಕ್ತರೇ, ಇಲ್ಲಿ ವಿಚಾರಿಸೋಣ.

ಕಥೆಯ ಕಾಲ 1630, ಸ್ಥಳ ಎದೊ ನಗರ. ಯುದ್ಧಗಳು ನಿಂತಿವೆ, ಒಡೆಯರ ಮನೆತನಗಳು ಅಳಿದು ಯೋಧರು ನಿರ್ಗತಿಕರಾಗಿದ್ದಾರೆ. ಜ್ವರಪೀಡಿತ ಕೂಸಿಗೆ ವೈದ್ಯನನ್ನು ಕರೆಸಲೂ ಹಣವಿಲ್ಲದ ಮೊತೊಮೆ ಎಂಬ ಯುವಕನು ತನ್ನ ಖಡ್ಗಗಳನ್ನು ಮಾರಿ ಬಿದಿರಿನ ಅಲಗನ್ನು ಧರಿಸಿದ್ದಾನೆ. ಇಯಿ ಮನೆತನದ ಅಂಗಳದಲ್ಲಿ ಹೊಟ್ಟೆ ಸೀಳಿಕೊಂಡು ಸಾಯುವೆನೆಂದು ಹೇಳಿದರೆ ಕನಿಕರಿಸಿ ಏನಾದರೂ ಕೊಟ್ಟಾರೆಂಬುದು ಅವನ ಆಸೆ. ಅವರಾದರೋ ‘ಆಡಿದಂತೆ ನಡೆ’ ಎಂದು ಆ ಬಿದಿರಿನಿಂದಲೇ ಸಾಯುವಂತೆ ಅವನನ್ನು ಬಲವಂತಪಡಿಸುತ್ತಾರೆ. ಬಳಿಕ ಅವನ ಮಾವ ಹನ್ಶಿರೊ ಅದೇ ಅಂಗಳಕ್ಕೆ ಬಂದು ಲೆಕ್ಕ ಕೇಳುತ್ತಾನೆ.

ಬಿದಿರಿನ ದೃಶ್ಯ ದೀರ್ಘವೂ ಘೋರವೂ ಆದುದು. ಎಳೆಯ ಮಕ್ಕಳಿಗೆ ಅದು ಖಂಡಿತ ಸಲ್ಲದು. ನಮ್ಮ ದೇಶದಲ್ಲಿ 2024ರಿಂದ ಯು/ಎ ಪ್ರಮಾಣಪತ್ರವನ್ನು 7, 13, 16 ವರ್ಷಗಳೆಂದು ವಿಂಗಡಿಸಲಾಗಿದೆ. ಆ ಅಳತೆಯಲ್ಲಿ ನಮ್ಮ ಅಭಿಪ್ರಾಯ 16ರ ಮೇಲ್ಪಟ್ಟವರು ಎಂಬುದೇ. ಅದೂ ಹಿರಿಯರು ಜೊತೆಗಿದ್ದಾಗ.

‘ಅಷ್ಟು ಘೋರವಾದುದನ್ನು ತೋರಿಸುವುದಾದರೂ ಏತಕ್ಕೆ?’ ಎಂದು ಕೇಳಬಹುದು. ಸಾವನ್ನು ಅಲಂಕರಿಸಿ ತೋರಿಸುವ ಚಿತ್ರಗಳಿಗಿಂತ ಇದು ಕಡಿಮೆ ಅಪಾಯಕರವೆಂಬುದೇ ನಮ್ಮ ಉತ್ತರ. ಒಡೆಯನೊಡನೆ ಮಡಿಯುವ ವ್ರತ ನಮ್ಮ ನಾಡಿನಲ್ಲಿಯೂ ಇದ್ದಿತು. ಹಳೇಬೀಡಿನಲ್ಲಿ ಎರಡನೆಯ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ಸ್ತಂಭವಿದೆ. ತಮ್ಮ ಶಿರವನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಅದರಲ್ಲಿ ಕೆತ್ತಲಾಗಿದೆ. ಶಾಲಾ ಪ್ರವಾಸದಲ್ಲಿ ಮಕ್ಕಳಿಗೆ ಅದನ್ನು ಹೆಮ್ಮೆಯಿಂದ ತೋರಿಸುತ್ತೇವೆ. ಅವರ ಮನೆಯಲ್ಲಿ ಉಳಿದವರ ಗತಿ ಏನಾಯಿತೆಂದು ಕೇಳುವುದಿಲ್ಲ. ಕೊಬಾಯಾಶಿಯವರು ಕೇಳಿದ್ದಾರೆ. ಮೊತೊಮೆಯ ಹೆಂಡತಿ, ಕೂಸು ಇಬ್ಬರೂ ಅಳಿಯುವುದನ್ನು ತೋರಿಸಿ, ಅಂಥ ಮಾನದ ಬೆಲೆಯನ್ನು ಯಾರು ತೆತ್ತರೆಂದು ಪ್ರೇಕ್ಷಕನ ಕಣ್ಣಿಗೆ ಕಟ್ಟಿಸಿದ್ದಾರೆ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಭತ್ತ ಬೆಳೆಯುವ ಸಿರುಗುಪ್ಪದ ಹೊಲಗಳಲ್ಲಾಗಲಿ, ಪರೀಕ್ಷೆಯ ಫಲಿತಾಂಶ ಬರುವ ದಿನ ಬಳ್ಳಾರಿಯ ಮನೆಗಳಲ್ಲಾಗಲಿ, ‘ಮಾನ ಹೋದ ಮೇಲೆ ಪ್ರಾಣವೇಕೆ’ ಎಂಬ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಆ ಮಾತನ್ನು ಆಡುವ ನಾವು, ಕೇಳಿಸಿಕೊಳ್ಳುವ ಎಳೆಯರ ಮನಸ್ಸನ್ನು ನೆನೆಯುವುದಿಲ್ಲ.

ಚಿತ್ರದ ಕೊನೆಯಲ್ಲಿ ಮನೆತನದ ದಿನಚರಿಯ ಪುಸ್ತಕದೊಳಗೆ ತಮ್ಮವರ ಸಾವುಗಳನ್ನು ರೋಗದಿಂದಾದವೆಂದು ಬರೆಯಿಸಲಾಗುತ್ತದೆ; ಕೆಡವಿದ ಕವಚವನ್ನು ಮತ್ತೆ ಪೀಠದ ಮೇಲೆ ಕೂರಿಸಲಾಗುತ್ತದೆ. ಮಕ್ಕಳೊಡನೆ ಚಿತ್ರ ನೋಡುವ ತಾಯ್ತಂದೆಗಳು ಅಲ್ಲಿ ನಿಲ್ಲಿಸಿ ಮಾತನಾಡಲಿ. ಸಾಲವಾಗಲಿ ಸೋಲಾಗಲಿ, ಅದನ್ನು ಹೊತ್ತು ಬಾಗಿಲಿಗೆ ಬಂದವನನ್ನು ನಮ್ಮ ಮನೆ ಹೇಗೆ ಕಾಣುತ್ತದೆಂಬುದನ್ನು ಮಕ್ಕಳು ಹಿರಿಯರ ಬಾಯಿಂದಲೇ ಕೇಳಿ ತಿಳಿಯಲಿ.